ಪುರದ ಜನ ಎಂಜಿನಿಯರುಗಳಿಗೆ ಕಲಿಸಿದ್ದು
(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯಕ್ಕೆ ಪಂಡಿತರು ಇಟ್ಟಿರುವ ಹೆಸರು ದೊಡ್ಡದು. ಸಮಾಜದ ಜಟಿಲ ಸಮಸ್ಯೆಗಳನ್ನು ಬಿಡಿಸಲು ಶಾಸ್ತ್ರಗಳ ಗಡಿ ದಾಟಿ ನಡೆಸುವ ತಾಂತ್ರಿಕ ಸಂಶೋಧನೆ ಎಂದು. ಹೆಸರು ಕೇಳಿ ಯಾರೂ ಎದ್ದು ಹೋಗಬೇಕಾಗಿಲ್ಲ. ಒಳಗಿರುವುದೆಲ್ಲ ಸೌದೆ, ಸಗಣಿ, ಕುಡಿಯುವ ನೀರು.

ಶಾಲೆಯಲ್ಲಿ ಗಂಟೆ ಹೊಡೆದರೆ ಲೆಕ್ಕ ಮುಗಿದು ಭೂಗೋಳ ಆರಂಭ. ಮೇಷ್ಟರಾಗಿದ್ದಾಗ ನಾವೂ ಗಂಟೆಗೆ ತಕ್ಕಂತೆ ಪುಸ್ತಕ ಬದಲಿಸಿದವರೇ. ಬದುಕಿನ ಕಷ್ಟಗಳಿಗೆ ಅಂಥ ವೇಳಾಪಟ್ಟಿ ಇಲ್ಲ. ಹತ್ತಿ ಗಿರಣಿಯ ದೂಳನ್ನೇ ತೆಗೆದುಕೊಳ್ಳಿ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಎದೆ ಬಿಗಿಯುವ ರೋಗ ಬರುತ್ತದೆ. ವಾರದ ರಜೆ ಕಳೆದು ಕೆಲಸಕ್ಕೆ ಬಂದ ಮೊದಲ ದಿನವೇ ಅದರ ಕಾಟ ಹೆಚ್ಚು. ಡಾಕ್ಟರು ಎದೆಯನ್ನು ನೋಡುತ್ತಾರೆ, ಎಂಜಿನಿಯರು ಯಂತ್ರವನ್ನು ನೋಡುತ್ತಾರೆ, ಮಾಲೀಕರು ಖರ್ಚನ್ನು ನೋಡುತ್ತಾರೆ. ಯಾವ ಯಂತ್ರದ ಬಳಿ, ಯಾವ ಪಾಳಿಯಲ್ಲಿ ದೂಳು ಹೆಚ್ಚು ಏಳುತ್ತದೆಂಬುದು ಅಲ್ಲಿ ನಿಂತು ದುಡಿಯುವವನಿಗೆ ಗೊತ್ತು. ಅವನನ್ನು ಯಾರೂ ಕೇಳುವುದಿಲ್ಲ. ಈ ಎಲ್ಲರೂ ಒಂದೇ ಜಮಖಾನದ ಮೇಲೆ ಕುಳಿತು, ಉತ್ತರವನ್ನಷ್ಟೇ ಅಲ್ಲ, ಪ್ರಶ್ನೆಯನ್ನೂ ಕೂಡಿಯೇ ನಿಶ್ಚಯಿಸಿದರೆ ಅದು ನಾವು ಹೇಳುತ್ತಿರುವ ಬಗೆಯ ಸಂಶೋಧನೆ. ಪ್ರಶ್ನೆ ಮೇಲಿನವರದು, ನಮ್ಮದು ಹೆಬ್ಬೆಟ್ಟು ಮಾತ್ರ ಎಂದಾದರೆ ಅಲ್ಲ.

ಇದಕ್ಕೆ ಪರದೇಶದ ದೃಷ್ಟಾಂತ ಬೇಡ. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಒದಗಿಸುವುದು ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಈ ಪದವಾಯಿತು. ಅದರ ಮುಂದಾಳು ಅಮೂಲ್ಯ ರೆಡ್ಡಿಯವರು, ವಿದ್ಯುತ್ತಿನ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ ವಿದ್ವಾಂಸರು. ಪ್ರಯೋಗಶಾಲೆಯಲ್ಲೇ ಕುಳಿತಿದ್ದರೆ ಅವರ ಮಾನಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಆದರೆ ನಮ್ಮ ವಿಜ್ಞಾನ ಯಾರಿಗಾಗಿ ಎಂಬ ಪ್ರಶ್ನೆ ಅವರನ್ನು ಹೊರಗೆ ತಂದಿತು. ಕಟ್ಟಡದ ಎಂಜಿನಿಯರುಗಳು, ಯಂತ್ರದ ಎಂಜಿನಿಯರುಗಳು, ಗಿಡಮರ ಬಲ್ಲವರು ಜತೆಗೂಡಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದರು.

ಮೊದಲು ಅವರು ಮಾಡಿದ್ದು ಯಂತ್ರವನ್ನಲ್ಲ, ಲೆಕ್ಕವನ್ನು. ಹಳ್ಳಿಯಲ್ಲಿ ಖರ್ಚಾಗುವ ಶಕ್ತಿ ಎಲ್ಲಿಂದ ಬರುತ್ತದೆ, ಯಾರ ಮೈಯಿಂದ ಬರುತ್ತದೆ ಎಂದು ಮನೆಮನೆ ತಿರುಗಿ ಅಳೆದರು. ಬಹುಪಾಲು ಸೌದೆ, ಅದೂ ಅಡಿಗೆಗೆ. ಆರಿಸಿ ಹೊತ್ತು ತರುವವರಲ್ಲಿ ಹೆಂಗಸರು, ಮಕ್ಕಳು. ಸರ್ಕಾರದ ಯಾವ ಖಾತೆಯ ಪುಸ್ತಕಕ್ಕೂ ಏರದ ದುಡಿಮೆ ಇದು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಕಾಯಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ‘ಅಸ್ತ್ರ ಒಲೆ’ ಬಂದದ್ದು ಇವರಿಂದಲೇ.

ಈಗ ಪುರದ ಕಥೆ. ಇದೂ ಕುಣಿಗಲ್ ತಾಲ್ಲೂಕಿನ ಸಣ್ಣ ಊರು. ಇಡೀ ಊರಿಗೆ ಒಂದು ಸಗಣಿ ಅನಿಲ ಸ್ಥಾವರ ಕಟ್ಟಿ ಎಲ್ಲ ಮನೆಗೂ ಅಡಿಗೆಗೆ ಅನಿಲ ಕೊಡುವುದೆಂಬುದು ವಿಜ್ಞಾನಿಗಳ ಮೊದಲ ಯೋಚನೆ. ನೋಡುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಸಗಣಿಯೇ ಊರಿನಲ್ಲಿರಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಜನರಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಸೌದೆ ಕೈಯಿಂದ ಕಾಸು ಬಿಚ್ಚದೆ ಸಿಗುತ್ತಿತ್ತು. ಅವರಿಗೆ ಮೊದಲು ಬೇಕಾದ್ದು ಕುಡಿಯುವ ನೀರು.

ಇಂಥ ಹೊತ್ತಿನಲ್ಲಿ ಹಳ್ಳಿಯವರಿಗೆ ಬುದ್ಧಿಯಿಲ್ಲ ಎಂದು ವರದಿ ಬರೆದು ಕೈತೊಳೆದುಕೊಂಡವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇವರು ಹಾಗೆ ಮಾಡಲಿಲ್ಲ. ಯೋಜನೆಯನ್ನೇ ತಿರುಗಿಸಿದರು. ಅದೇ ಅನಿಲವನ್ನು, ಸ್ವಲ್ಪ ಡೀಸೆಲ್ ಬೆರೆಸಿ, ಎಂಜಿನ್ನಿಗೆ ಕೊಟ್ಟು ವಿದ್ಯುತ್ ತೆಗೆದರು. 1987ರಿಂದ ಆ ವಿದ್ಯುತ್ತು ಕೊಳವೆ ಬಾವಿಯ ನೀರನ್ನು ಎತ್ತಿತು, ಮನೆಗಳಿಗೆ ದೀಪ ಕೊಟ್ಟಿತು. ನಡೆಸಿದವರು ಊರಿನ ಹುಡುಗರೇ. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ ಕೂಲಿ. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವನ್ನು ಮರಳಿನ ಮೇಲೆ ಸೋಸಿ, ತಂದ ಸಗಣಿಯ ಲೆಕ್ಕದಂತೆ ಅವರಿಗೇ ವಾಪಸು. ಗೊಬ್ಬರ ಹೋಗದು, ನೀರು ಬರುತ್ತದೆ. ಅಂಗಡಿಯವರಿಗೆ ಈ ಖಾತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ 2 ಪೈಸೆಯ ಮಾತನ್ನು ಹಗುರವಾಗಿ ನೋಡಬೇಡಿ. ಸಗಣಿ ಹೊರುವವರು ಹೆಂಗಸರು, ಮಕ್ಕಳು. ಆ ದುಡಿಮೆಗೆ ಬೆಲೆಯಿದೆ ಎಂದು ಲೆಕ್ಕದಲ್ಲಿ ಬರೆಯದಿದ್ದರೆ ಸ್ಥಾವರಕ್ಕೆ ಸಗಣಿ ಬರುವುದು ಹೇಗೆ? ಇದು ರಸಾಯನಶಾಸ್ತ್ರವೋ, ಅರ್ಥಶಾಸ್ತ್ರವೋ, ಸಂಸಾರದ ನ್ಯಾಯವೋ? ಮೂರೂ ಹೌದು. ಒಂದನ್ನು ಬಿಟ್ಟರೂ ಎಂಜಿನ್ ತಿರುಗುವುದಿಲ್ಲ.

ಎಲ್ಲವೂ ಸುಖಾಂತವಾಯಿತೆಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಪುರದ ಎಂಜಿನ್ ಕಡೆಗೆ ನಿಂತಿತು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮುಂಚೆ ಪುರದಿಂದ ಕಲಿಯಬೇಕಾದ್ದೇನೆಂದು ಅವರೇ ಪ್ರಬಂಧ ಬರೆದರು. ವಿದ್ವಾಂಸರು ಹೆಚ್ಚಾಗಿ ಗೆದ್ದ ಕೆಲಸದ ಬಗ್ಗೆಯೇ ಬರೆಯುತ್ತಾರೆ. ಇವರು ನಿಂತುಹೋದ ಕೆಲಸವನ್ನೂ ಲೆಕ್ಕಕ್ಕೆ ತಂದರು. ನಮ್ಮ ದೃಷ್ಟಿಯಲ್ಲಿ ಕಷ್ಟ ಇರುವುದು ಇಲ್ಲಿ: ವಿಜ್ಞಾನಿಗಳು ಹಿಂದಿರುಗಿದ ಮೇಲೂ ಊರಿನ ಸಭೆ ಬಿಲ್ಲು ವಸೂಲು ಮಾಡಬೇಕು, ಜಗಳ ಬಿಡಿಸಬೇಕು, ಎಂಜಿನ್ ಕೆಟ್ಟರೆ ಬಿಡಿಭಾಗ ತರಬೇಕು. ಅದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಸಂಘ ಕಟ್ಟಿ ನಡೆಸಿದವರಿಗೆ ಅದು ಸ್ವಲ್ಪ ಗೊತ್ತು.

ಹಾಗಾಗಿ ಮುಂದಿನ ಭಾನುವಾರಕ್ಕೆ ಒಂದು ಕೆಲಸ. ಗಿರಣಿಯವರು ಯಾವ ಯಂತ್ರದ ಬಳಿ, ಯಾವ ಪಾಳಿಯಲ್ಲಿ ದೂಳು ಹೆಚ್ಚು, ಯಾರಿಗೆ ಯಾವ ದಿನ ಎದೆ ಬಿಗಿಯುತ್ತದೆ ಎಂದು ಬರೆದುಕೊಂಡು ಬನ್ನಿ. ಪೇಟೆಯವರು ಯಾವ ಮಳೆಗೆ ಚರಂಡಿ ಯಾರ ಅಂಗಡಿ ಮುಂದೆ ಉಕ್ಕುತ್ತದೆ ಎಂದು ಬರೆದುಕೊಂಡು ಬನ್ನಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಊರಿನ ಒಬ್ಬ ಡಾಕ್ಟರನ್ನೂ ಒಬ್ಬ ಎಂಜಿನಿಯರನ್ನೂ ಅಂದಿನ ಕೂಟಕ್ಕೆ ಕರೆಯುತ್ತೇವೆ. ಭಾಷಣ ಮಾಡಲು ಅಲ್ಲ, ಮೊದಲು ನಿಮ್ಮ ಪಟ್ಟಿಯನ್ನು ಕೇಳಲು.