ಕಾಂಪೌಂಡಿನ ಆಚೆಗಿನ ಹಕ್ಕು

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಪ್ರೀತಿಯ ಸಹೋದರರೇ, ಮಂಗಳೂರಿನ ಸುತ್ತಮುತ್ತ ಗುಡ್ಡ ಕಡಿದು, ಗದ್ದೆ ತುಂಬಿಸಿ ಬಡಾವಣೆಗಳು ಏಳುತ್ತಿವೆ. ನಮ್ಮಲ್ಲಿ ಹಲವರು ಗಲ್ಫ್‌ನಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದು, ಐದು ಸೆಂಟ್ಸ್ ಜಾಗ ಕೊಂಡು ಮನೆ ಕಟ್ಟುತ್ತಾರೆ. ಇದು ತಪ್ಪಲ್ಲ. ವಿಶಾಲವಾದ ಮನೆ ಮತ್ತು ಒಳ್ಳೆಯ ನೆರೆಯವ, ಇವೆರಡನ್ನೂ ಪ್ರವಾದಿ(ಸ) ಸೌಭಾಗ್ಯದ ಸಾಲಿನಲ್ಲಿ ಎಣಿಸಿದ್ದಾರೆ. ನಮಗೆ ಒಳ್ಳೆಯ ನೆರೆಯವರು ಸಿಗಲಿ ಎಂದು ನಾವು ದುಆ ಮಾಡುತ್ತೇವೆ. ನಾವು ಅವರಿಗೆ ಒಳ್ಳೆಯ ನೆರೆಯವರೇ ಎಂದು ಕೇಳಿಕೊಳ್ಳುವುದು ಕಡಿಮೆ.

ಸೂರಃ ಅನ್ನಿಸಾದ 36ನೇ ಸೂಕ್ತವು ಅಲ್ಲಾಹನ ಆರಾಧನೆಯನ್ನು ಹೇಳಿದ ಬೆನ್ನಿಗೇ ಮಾತಾಪಿತರು, ಬಂಧುಗಳು, ಅನಾಥರು, ಬಡವರ ಜೊತೆಗೆ ಹತ್ತಿರದ ನೆರೆಯವ ಮತ್ತು ಅಪರಿಚಿತ ನೆರೆಯವ ಇಬ್ಬರಿಗೂ ಒಳಿತು ಮಾಡಲು ಆದೇಶಿಸುತ್ತದೆ. ನೆರೆಯವ ಯಾವ ಧರ್ಮದವನಾದರೂ ಈ ಹಕ್ಕು ಅವನಿಗಿದೆ. ಜಿಬ್ರೀಲ್(ಅ) ನೆರೆಯವರ ಕುರಿತು ಎಷ್ಟು ಉಪದೇಶಿಸಿದರೆಂದರೆ, ಅವರನ್ನು ಆಸ್ತಿಯ ವಾರಸುದಾರರನ್ನಾಗಿ ಮಾಡಿಬಿಡುವರೇನೋ ಎಂದು ಪ್ರವಾದಿ(ಸ)ರಿಗೆ ಅನಿಸಿತ್ತು.

ಮಿಂಬರ್‌ನಲ್ಲಿ ನಿಂತು ಇದನ್ನು ಹೇಳುವ ನಾವೇ ಒಮ್ಮೆ ಎಡವಿದ್ದೇವೆ. ನಮ್ಮ ಮನೆಯ ಜಾಗ ತಗ್ಗಿನಲ್ಲಿತ್ತು. ಎರಡಡಿ ಮಣ್ಣು ತುಂಬಿಸಿ, ಸುತ್ತ ಕೆಂಪುಕಲ್ಲಿನ ಕಾಂಪೌಂಡು ಕಟ್ಟಿಸಿದೆವು. ಗುಡ್ಡದ ಮಳೆನೀರು ಹರಿಯುತ್ತಿದ್ದ ಸಣ್ಣ ಕಣಿ ಅದರಡಿ ಮುಚ್ಚಿಹೋಯಿತು. ಜಾಗ ನಮ್ಮದು, ದಾಖಲೆ ಸರಿಯಿದೆ ಎಂದು ನೆಮ್ಮದಿಯಾಗಿದ್ದೆವು. ಒಕ್ಕಲಿನ ದಿನ ಕುರ್‌ಆನ್ ಪಾರಾಯಣ, ದುಆ, ಊಟ ಎಲ್ಲವೂ ಆಯಿತು.

ಎರಡನೇ ಮಳೆಗಾಲದಲ್ಲಿ, ಚೆಂಡು ತರಲು ಪಕ್ಕದ ಮನೆಗೆ ಹೋದ ನಮ್ಮ ಮಗ ಬಂದು, ‘ಅವರ ಬಾವಿಯ ನೀರು ಚಹಾದ ಹಾಗಿದೆ’ ಎಂದ. ಹೋಗಿ ನೋಡಿದೆವು. ನಮ್ಮ ಗೋಡೆ ತಡೆದ ನೀರು ಅವರ ಅಂಗಳಕ್ಕೆ ತಿರುಗಿ ಬಾವಿಗೆ ಇಳಿಯುತ್ತಿತ್ತು. ಆ ಮನೆಯ ವೃದ್ಧ ತಾಯಿ ಎರಡು ಮಳೆಗಾಲ ರಸ್ತೆಯಾಚೆಯಿಂದ ಕೊಡದಲ್ಲಿ ನೀರು ತರಿಸಿದ್ದರು. ಅದೇ ವರ್ಷ ಅವರ ಮರದ ಹಲಸಿನ ಹಣ್ಣು ನಮ್ಮ ಮನೆಗೆ ಬಂದಿತ್ತು. ‘ಯಾಕಮ್ಮಾ ಹೇಳಲಿಲ್ಲ?’ ಎಂದು ಕೇಳಿದೆವು. ‘ನೀವು ಉಸ್ತಾದರು. ನಿಮ್ಮಲ್ಲಿ ಹೇಗೆ ಹೇಳುವುದು ಅಂತ ಸುಮ್ಮನಾದೆ’ ಎಂದರು.

ಯಾರ ಕೆಡುಕಿನಿಂದ ನೆರೆಯವನಿಗೆ ನಿರ್ಭಯವಿಲ್ಲವೋ ಅವನು ವಿಶ್ವಾಸಿಯಲ್ಲ ಎಂದು ಪ್ರವಾದಿ(ಸ) ಮೂರು ಸಲ ಆಣೆಯಿಟ್ಟು ಹೇಳಿದ ಹದೀಸನ್ನು ನಾವು ಎಷ್ಟೋ ಬಾರಿ ವಿವರಿಸಿದ್ದೆವು. ಆದರೆ ನೆರೆಯವರು ದೂರಲಿಲ್ಲ ಎಂದರೆ ತೊಂದರೆ ಇಲ್ಲ ಎಂದಲ್ಲ. ನಮ್ಮ ಟೋಪಿ, ಹಣ, ಸ್ಥಾನ ಅವರ ಬಾಯಿ ಕಟ್ಟಿರಬಹುದು. ಮರುವಾರವೇ ಗೋಡೆಯ ಬುಡ ಒಡೆಸಿ, ನಮ್ಮ ಜಾಗದೊಳಗೆ ಪೈಪು ಹಾಕಿ ನೀರನ್ನು ಚರಂಡಿಗೆ ಬಿಟ್ಟೆವು. ಅವರ ಬಾವಿ ಶುಚಿ ಮಾಡಿಸಿ ಕ್ಷಮೆ ಕೇಳಿದೆವು. ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ಅವನಲ್ಲಿ ತೌಬಾ ಮಾಡಬಹುದು. ಮನುಷ್ಯರ ಹಕ್ಕಿನಲ್ಲಿ ತಪ್ಪಿದರೆ ಅವರ ಬಾಗಿಲಿಗೂ ಹೋಗಬೇಕು.

ಮನೆ ಕಟ್ಟುವವರು ನಕ್ಷೆ ನೋಡುವಾಗಲೇ ಕೇಳಿಕೊಳ್ಳಿ: ನಮ್ಮ ಮಳೆನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಶೌಚಗುಂಡಿ ಪಕ್ಕದವರ ಬಾವಿಯಿಂದ ಎಷ್ಟು ದೂರ? ಕೆಂಪುಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಗುಂಡಿಯ ಕೊಳೆ ಬಾವಿ ಸೇರಲು ತಡವಿಲ್ಲ. ಜಲ್ಲಿ, ಮರಳಿನ ರಾಶಿ ದಾರಿಗೆ ಅಡ್ಡವಿದೆಯೇ? ದಾರಿಯ ಅಡಚಣೆ ತೆಗೆಯುವುದು ಈಮಾನಿನ ಶಾಖೆಯಾದರೆ, ಅಡಚಣೆ ಹಾಕುವುದು ಏನು? ಗಡಿಯನ್ನು ಒಂದು ಗೇಣು ಸರಿಸುವವರು ಏಳು ಭೂಮಿಗಳ ಹೊರೆಯ ಎಚ್ಚರಿಕೆಯನ್ನು ನೆನೆಯಲಿ.

ಸಾರಿಗೆ ನೀರು ಹೆಚ್ಚಿಸಿ ನೆರೆಯವರಿಗೂ ಕೊಡುವಂತೆ ಅಬೂದರ್ರ್(ರ)ರಿಗೆ ಪ್ರವಾದಿ(ಸ) ಉಪದೇಶಿಸಿದರು. ಇಬ್ಬರು ನೆರೆಯವರಲ್ಲಿ ಯಾರಿಗೆ ಉಡುಗೊರೆ ಕೊಡಲಿ ಎಂದು ಆಯಿಶಾ(ರ) ಕೇಳಿದಾಗ, ಬಾಗಿಲು ಹತ್ತಿರವಿರುವವರಿಗೆ ಎಂದರು. ಇಂದು ನಮ್ಮ ಕಾಂಪೌಂಡುಗಳು ಎಷ್ಟು ಎತ್ತರವೆಂದರೆ, ಹತ್ತಿರದ ಬಾಗಿಲು ಯಾವುದೆಂದು ಮಕ್ಕಳಿಗೆ ತಿಳಿಯದು.

ಸಹೋದರರೇ, ಇಂದು ಅಸರ್ ನಮಾಝಿನ ಬಳಿಕ ನಿಮ್ಮ ಕಾಂಪೌಂಡಿನ ಹೊರಗೆ ಒಂದು ಸುತ್ತು ಬನ್ನಿ. ಪಕ್ಕದ ಮನೆಯವರಲ್ಲಿ, ‘ನಮ್ಮಿಂದ ಏನಾದರೂ ತೊಂದರೆ ಇದೆಯೇ’ ಎಂದು ಕೇಳಿ. ಮೊದಲ ಸಲ ಇಲ್ಲ ಎನ್ನುತ್ತಾರೆ. ಇನ್ನೊಮ್ಮೆ ಕೇಳಿ.

ಅಲ್ಲಾಹನು ನಮ್ಮ ಮನೆಗಳಿಗೆ ಬರ್ಕತ್ ನೀಡಲಿ, ನಮ್ಮಿಂದ ನೆರೆಯವರಿಗೆ ನೆಮ್ಮದಿ ಸಿಗುವಂತೆ ಮಾಡಲಿ. ಆಮೀನ್.