ರೈಫಲ್ಲಿನ ಮುಂಗುರಿ ಗೋಪುರ: ಎದ್ದದ್ದು, ಇಳಿದದ್ದು

ವಿಯೆಟ್ನಾಂ ಯುದ್ಧದ ಚಿತ್ರಗಳನ್ನು ನೀವು ನೋಡಿರಬಹುದು. ಅಮೆರಿಕದ ಸೈನಿಕನ ಕೈಯಲ್ಲಿರುವ ಎಂ-16 ರೈಫಲ್ಲಿನ ನಳಿಗೆಯ ಮೇಲೆ ಒಂದು ಪುಟ್ಟ ತ್ರಿಕೋನ ಗೋಪುರ ಎದ್ದು ನಿಂತಿರುತ್ತದೆ. ಅದೇ ವಂಶದ ಇಂದಿನ ಅನೇಕ ರೈಫಲ್‌ಗಳಲ್ಲಿ ಆ ಗೋಪುರ ಕಾಣುವುದಿಲ್ಲ. ಅದರ ಜಾಗದಲ್ಲಿ, ಕೈಹಿಡಿಯ ಕವಚದೊಳಗೆ, ಒಂದು ಗಿಡ್ಡ ಉಕ್ಕಿನ ತುಂಡು ಅಡಗಿ ಕೂತಿದೆ. ಅದರ ಹೆಸರು ಲೋ-ಪ್ರೊಫೈಲ್ ಗ್ಯಾಸ್ ಬ್ಲಾಕ್. ಗೋಪುರ ಏಕೆ ಎದ್ದಿತು, ಏಕೆ ಇಳಿಯಿತು ಎಂಬುದೇ ಇಂದಿನ ಮಾತು.

ಕಥೆ ಆರಂಭವಾಗುವುದು ಅಮೆರಿಕದ ಯೂಟಾ ಪ್ರಾಂತದಲ್ಲಿ, 1889ರಲ್ಲಿ. ಗುಂಡು ಹಾರಿದಾಗ ನಳಿಗೆಯ ಬಾಯಿಂದ ನುಗ್ಗುವ ಗಾಳಿಗೆ ಎದುರಿನ ಹುಲ್ಲು ಬಾಗುವುದನ್ನು ಬಂದೂಕು ತಯಾರಕ ಜಾನ್ ಬ್ರೌನಿಂಗ್ ಗಮನಿಸಿದ. ವ್ಯರ್ಥವಾಗಿ ಹೋಗುವ ಆ ಅನಿಲದ ಬಲದಿಂದಲೇ ಬಂದೂಕನ್ನು ಮತ್ತೆ ತುಂಬಬಹುದಲ್ಲ ಎಂದು ಅವನಿಗೆ ಹೊಳೆಯಿತು. ಅದರ ಫಲವೇ 1895ರ ಕೋಲ್ಟ್ ಮೆಷಿನ್ ಗನ್. ಅಲ್ಲಿಂದ ಮುಂದೆ ನಳಿಗೆಯಲ್ಲಿ ಸಣ್ಣ ರಂಧ್ರ ಕೊರೆದು ಅನಿಲವನ್ನು ಕದಿಯುವ ವಿದ್ಯೆ ಬೆಳೆಯಿತು. ಆ ರಂಧ್ರದ ಮೇಲೆ ಬಿಗಿಯಾಗಿ ಕೂತು ಅನಿಲವನ್ನು ಹಿಡಿದು ಹಿಂದಕ್ಕೆ ಕಳಿಸುವ ಭಾಗವೇ ಗ್ಯಾಸ್ ಬ್ಲಾಕ್.

ಹೇಗೂ ನಳಿಗೆಯ ಮುಂಭಾಗದಲ್ಲಿ ಒಂದು ಲೋಹದ ತುಂಡು ಕೂರಲೇಬೇಕು. ಗುರಿ ನೋಡುವ ಮುಂದಿನ ಕಡ್ಡಿಯನ್ನೂ, ಅಂದರೆ ಮುಂಗುರಿಯನ್ನೂ, ಅದರ ಮೇಲೆಯೇ ನಿಲ್ಲಿಸಿದರೆ ತೂಕ ಉಳಿಯಿತು, ಕೆಲಸವೂ ಉಳಿಯಿತು. 1936ರಲ್ಲಿ ಅಮೆರಿಕದ ಸೇನೆ ಸೇರಿದ ಗರಾಂಡ್ ರೈಫಲ್ಲಿನಲ್ಲಿ ಮುಂಗುರಿ ನಿಂತದ್ದು ಗ್ಯಾಸ್ ಸಿಲಿಂಡರಿನ ಮೇಲೆ. ಬೆಲ್ಜಿಯಂನ ಎಫ್‌ಎನ್ ಎಫ್‌ಎಎಲ್ ರೈಫಲ್ಲಿನಲ್ಲೂ ಅದು ಗ್ಯಾಸ್ ಬ್ಲಾಕಿಗೇ ಸೇರಿಕೊಂಡಿತ್ತು. ಅದರ ಭಾರತೀಯ ರೂಪವೇ ಇಷಾಪುರದಲ್ಲಿ ತಯಾರಾದ 1ಎ1. ನಮ್ಮ ಸೈನಿಕರ ಬಾಯಲ್ಲಿ ಅದು ಎಸ್‌ಎಲ್‌ಆರ್. 1971ರ ಯುದ್ಧದಲ್ಲಿ ಹೋರಾಡಿದ ನಮ್ಮೂರುಗಳ ನಿವೃತ್ತ ಯೋಧರಿಗೆ ಆ ರೈಫಲ್ಲಿನ ಭಾರವೂ ಒದೆತವೂ ಚೆನ್ನಾಗಿ ಗೊತ್ತು.

ಮುಂಗುರಿಯನ್ನು ಗೋಪುರವಾಗಿ ಎತ್ತಿದವನು ಯೂಜೀನ್ ಸ್ಟೋನರ್. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆರ್ಮಲೈಟ್ ಸಂಸ್ಥೆಯಲ್ಲಿ ಅವನು ಎಆರ್-10 ರೈಫಲ್ ರೂಪಿಸಿದ. ಹಳೆಯ ರೈಫಲ್‌ಗಳಲ್ಲಿ ಭುಜಕ್ಕೆ ಆನಿಸುವ ಹಿಡಿ ನಳಿಗೆಗಿಂತ ಕೆಳಕ್ಕೆ ಬಾಗಿರುತ್ತಿತ್ತು. ಹಾಗಾಗಿ ಗುಂಡು ಹಾರಿದೊಡನೆ ಮೂತಿ ಮೇಲಕ್ಕೆ ಚಿಮ್ಮುತ್ತಿತ್ತು. ಸ್ಟೋನರ್ ಹಿಡಿಯನ್ನು ನಳಿಗೆಯ ನೇರಕ್ಕೆ ತಂದ. ಒದೆತ ನೇರವಾಗಿ ಭುಜಕ್ಕೆ ಬಂತು, ಮೂತಿ ಹತೋಟಿಗೆ ಸಿಕ್ಕಿತು. ಆದರೆ ಕೆನ್ನೆಯನ್ನು ಹಿಡಿಗೆ ಒತ್ತಿದಾಗ ಕಣ್ಣು ನಳಿಗೆಗಿಂತ ಬಹಳ ಮೇಲೆ ಉಳಿಯಿತು. ಆದ್ದರಿಂದ ಗುರಿಯ ಸಾಲನ್ನು ನಳಿಗೆಯ ಮಧ್ಯರೇಖೆಯಿಂದ ಸುಮಾರು ಎರಡೂವರೆ ಇಂಚು ಎತ್ತರಿಸಬೇಕಾಯಿತು. ಹಿಂಗುರಿ ಮೇಲಿನ ಹಿಡಿಕೆಯಲ್ಲಿ ಕೂತಿತು, ಮುಂಗುರಿ ಗೋಪುರವಾಯಿತು.

ಈ ವಿನ್ಯಾಸದಿಂದಲೇ ಬಂದ ಎಂ-16ರಲ್ಲಿ ಆ ಗೋಪುರದ ಬುಡದಲ್ಲಿ ಅನಿಲ ತಿರುಗಿ, ತೆಳುವಾದ ಉಕ್ಕಿನ ಕೊಳವೆಯಲ್ಲಿ ಹಿಂದಕ್ಕೆ ಓಡಿ ಹೊಸ ಗುಂಡು ತುಂಬುವ ಜಾರುಭಾಗವಾದ ಬೋಲ್ಟ್ ಕ್ಯಾರಿಯರನ್ನು ತಳ್ಳುತ್ತದೆ. ಬಯೋನೆಟ್ ಸಿಕ್ಕಿಸುವ ಕೊಂಡಿ, ಹೆಗಲ ಪಟ್ಟಿಯ ಬಳೆ ಎರಡೂ ಅದರಲ್ಲೇ ಇದ್ದವು. ನಳಿಗೆಗೆ ಅದನ್ನು ಹಿಡಿದಿಟ್ಟದ್ದು ಬಡಿದು ಕೂರಿಸಿದ ಎರಡು ಮೊನಚು ಪಿನ್ನುಗಳು. ಇಷ್ಟೊಂದು ಹೊಣೆ ಹೊತ್ತ ಒಂದೇ ತುಂಡನ್ನು ರೂಪಿಸಿದ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ.

ಆದರೆ ಅದರ ಎರಡು ಮುಖ್ಯ ಕೆಲಸಗಳ ನಡುವೆ ಒಂದು ಜಗಳ ಮೊದಲಿನಿಂದಲೂ ಇತ್ತು. ನಳಿಗೆ ಇಪ್ಪತ್ತು ಇಂಚು ಇದ್ದಷ್ಟು ಕಾಲ ಅದು ಹೊರಬೀಳಲಿಲ್ಲ. 1994ರಲ್ಲಿ ಸೇನೆ ಸೇರಿದ, ಎಂ-16ರ ಮೊಟಕು ರೂಪವಾದ ಎಂ-4 ಕಾರ್ಬೈನಿನ ನಳಿಗೆ ಹದಿನಾಲ್ಕೂವರೆ ಇಂಚು. ನಳಿಗೆ ಮೊಟಕಾದಾಗ ಅನಿಲದ ರಂಧ್ರವೂ ಹಿಂದಕ್ಕೆ ಸರಿಯಬೇಕು, ಇಲ್ಲವಾದರೆ ಯಂತ್ರ ನಡೆಯುವುದಿಲ್ಲ. ರಂಧ್ರದ ಜತೆ ಗೋಪುರವೂ ಸರಿಯಿತು. ಕಣ್ಣಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಎರಡು ಗುರಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಗುರಿ ನಿಖರ. ಸುಮಾರು ಇಪ್ಪತ್ತು ಇಂಚಿದ್ದ ಆ ಅಂತರ ಎಂ-4ರಲ್ಲಿ ಹದಿನಾಲ್ಕೂವರೆಗೆ ಇಳಿಯಿತು. ಅನಿಲ ಗೆದ್ದಿತು, ಕಣ್ಣು ಸೋತಿತು.

ಈ ಜಗಳ ಬಿಡಿಸಿದ್ದು ಗಾಜು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಕೆಂಪು ಚುಕ್ಕಿಯ ವಿದ್ಯುನ್ಮಾನ ಗುರಿಯನ್ನು ಮಾರುಕಟ್ಟೆಗೆ ತಂದಿತು. 1995ರಲ್ಲಿ ಇಂಥ ಗುರಿಗಳನ್ನು ಸಿಕ್ಕಿಸುವ ಪಿಕಟಿನ್ನಿ ಹಳಿ ಅಮೆರಿಕದ ಸೇನೆಯ ಅಧಿಕೃತ ಅಳತೆಯಾಯಿತು. ಈಗ ಯಾವ ದುರ್ಬೀನನ್ನಾದರೂ ರೈಫಲ್ಲಿನ ನೆತ್ತಿಯ ಮೇಲೆ ಕೂರಿಸಬಹುದು. ಎರಡು ಗುರಿಗಳನ್ನು ಸಾಲಾಗಿ ಹೊಂದಿಸಬೇಕಾದ ಅಗತ್ಯವೇ ಉಳಿಯಲಿಲ್ಲ. ಬದಲಿಗೆ ಗೋಪುರವೇ ನೋಟಕ್ಕೆ ಅಡ್ಡ ಬಂತು. ಇನ್ನೊಂದು ಕಡೆ, ಕೈಯ ಒತ್ತಡ ನಳಿಗೆಗೆ ತಾಗದಂತೆ ಮಾಡುವ ಉದ್ದನೆಯ ತೇಲುವ ಕವಚ ಬಂತು. ಅದು ಮುಂದೆ ಚಾಚಿಕೊಳ್ಳಬೇಕಾದರೆ ದಾರಿಯಲ್ಲಿ ಗೋಪುರ ಇರಬಾರದು.

ಹೀಗೆ ಗುರಿಯ ಕೆಲಸ ಗಾಜಿಗೆ ಹೋಯಿತು. ಮಡಚಿಡುವ ತುರ್ತು ಮುಂಗುರಿ ಹಳಿಯ ತುದಿಗೆ ಹೋಯಿತು. ಬುಡದಲ್ಲಿ ಉಳಿದದ್ದು ಅನಿಲದ ಕೆಲಸ ಮಾತ್ರ. ಕೆಲವು ಬಂದೂಕು ಕಮ್ಮಾರರು ಹಳೆಯ ಗೋಪುರವನ್ನೇ ತರಿದು, ಬುಡವನ್ನೂ ಪಿನ್ನುಗಳನ್ನೂ ಹಾಗೆಯೇ ಉಳಿಸಿಕೊಂಡರು. ಹಲವರು ಹೊಸ ಗಿಡ್ಡ ಬ್ಲಾಕ್ ಹಾಕಿದರು. ಆಗ ಹಳೆಯ ಪಿನ್ನುಗಳ ಬೆಲೆ ತಿಳಿಯಿತು. ಸ್ಕ್ರೂಗಳಿಂದ ಮಾತ್ರ ಹಿಡಿದಿದ್ದ ಬ್ಲಾಕ್ ಕಾವಿಗೂ ಕಂಪನಕ್ಕೂ ಸಡಿಲವಾಗಿ ಕೊಂಚ ಜರುಗಿದರೆ ಸಾಕು, ರಂಧ್ರ ಮುಚ್ಚಿಕೊಳ್ಳುತ್ತದೆ. ಆಗ ರೈಫಲ್ ತಾನೇ ತುಂಬಿಕೊಳ್ಳುವುದಿಲ್ಲ. ಪ್ರತಿ ಗುಂಡಿಗೂ ಕೈಯಿಂದ ಎಳೆಯಬೇಕು. ಆದ್ದರಿಂದಲೇ ಒಳ್ಳೆಯ ತಯಾರಕರು ಸ್ಕ್ರೂ ಕೂರಲು ನಳಿಗೆಯಲ್ಲಿ ಕುಳಿ ಕೊರೆದರು, ಇಲ್ಲವೇ ಮತ್ತೆ ಪಿನ್ನಿಗೇ ಮರಳಿದರು.

ಈ ಬದಲಾವಣೆ ನಮ್ಮ ಸೇನೆಗೂ ತಲುಪಿದೆ. 2019ರ ಒಪ್ಪಂದದಲ್ಲಿ ಭಾರತ ಕೊಂಡ 72,400 ಸಿಗ್-716 ರೈಫಲ್‌ಗಳು ಸ್ಟೋನರನ ವಿನ್ಯಾಸದ ವಂಶದವೇ. ಅನಿಲವನ್ನು ಬಳಸುವ ಬಗೆ ಬೇರೆ, ಪಿಸ್ಟನ್ನಿನದು. ಆದರೂ ಅವುಗಳ ನಳಿಗೆಯ ಮೇಲೆ ಆ ತ್ರಿಕೋನ ಗೋಪುರವಿಲ್ಲ.

ಈ ಚಿಕ್ಕ ಉಕ್ಕಿನ ತುಂಡಿನ ಇತಿಹಾಸದಿಂದ ನಾನು ಕಲಿತದ್ದು ಇದು. ಯಾವ ಭಾಗವೂ ಹಳೆಯದೆಂಬ ಒಂದೇ ಕಾರಣಕ್ಕೆ ಕಿತ್ತುಹಾಕಬೇಕಾದದ್ದಲ್ಲ. ಅದು ಹೊತ್ತಿದ್ದ ಹೊಣೆಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಂದಕ್ಕೂ ಹೊಸ ನೆಲೆ ಕಂಡುಕೊಟ್ಟ ಮೇಲೆಯೇ ಅದನ್ನು ಕೆಳಗಿಳಿಸಬೇಕು. ಗುರಿಗೆ ಗಾಜು ಸಿಕ್ಕಿತು, ಅನಿಲಕ್ಕೆ ಗಿಡ್ಡ ಬ್ಲಾಕ್ ಸಿಕ್ಕಿತು. ಬಿಗಿಯಾಗಿ ಹಿಡಿದಿಡುವ ಮೂರನೆಯ ಹೊಣೆಯನ್ನು ಮರೆತವರ ರೈಫಲ್ ನಡುವೆಯೇ ನಿಂತಿತು, ನೆನಪಿಟ್ಟವರದು ನಡೆಯಿತು.