ಬಾಣಂತಿಯ ಮನೆಯೂ ಶಾಲೆಯ ಗಂಟೆಯೂ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಹೊತ್ತಿನಲ್ಲಿ ಪಂಪ, ಪುಲಿಕೇಶಿಯರ ಮಾತನ್ನು ಬಿಟ್ಟು ಬಾಣಂತಿ, ಬೆಳಗಿನ ರಿಕ್ಷಾ, ಮಕ್ಕಳ ಡಬ್ಬಿ ಎಂದು ಮಾತನಾಡಹೊರಟರೆ ಕೆಲವರಿಗೆ ನಗು ಬಂದೀತು. ಬರಲಿ. ನಾಡುನುಡಿಗಳ ವಿಷಯವನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ. ಅವರು ಹೇಳದೆ ಬಿಡುವ ಒಂದು ಸಂಗತಿಯನ್ನಷ್ಟೆ ನಾವು ಎತ್ತಿಕೊಂಡಿದ್ದೇವೆ. ಹೊರನಾಡಿನ ಕನ್ನಡ ಮನೆಯೊಂದರಲ್ಲಿ ಎರಡನೆಯ ಕೂಸು ಹುಟ್ಟಿದಾಗ, ಮೊದಲನೆಯದನ್ನು ಶಾಲೆಗೆ ಮುಟ್ಟಿಸಿ ಕರೆತರುವವರು ಯಾರು?

ಎರಡನೆಯ ಕೂಸು ಎಂದು ಬೇಕೆಂದೇ ಅಂದೆವು. ಮೊದಲ ಬಾಣಂತನಕ್ಕೆ ನಮ್ಮಲ್ಲಿ ಸವೆದ ದಾರಿಯೊಂದಿದೆ. ಕುಬಸ ಮಾಡಿ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ವಿಜಯಪುರವೋ, ಕಲಬುರ್ಗಿಯೋ, ಗದಗೋ, ಅಲ್ಲಿ ತಾಯಿ ಇದ್ದಾಳೆ, ಎರೆಯುವ ಅಜ್ಜಿ ಇದ್ದಾಳೆ, ಅಳವಿಯ ಪಾಯಸವಿದೆ, ಅಂಟಿನ ಉಂಡೆಯಿದೆ, ಹೊರಸಿನ ಕೆಳಗೆ ಕೆಂಡದ ಕಾವೂ ಇತ್ತು. (ಹೊಗೆಯ ವಿಷಯಕ್ಕೆ ಈಗ ವೈದ್ಯರು ಗದರುತ್ತಾರೆ, ಗದರುವುದು ಸರಿಯೇ.) ಮೂರು ತಿಂಗಳೋ ಐದು ತಿಂಗಳೋ ಮೈ ಗಟ್ಟಿ ಮಾಡಿಕೊಂಡು, ತೊಟ್ಟಿಲ ಸಮೇತ ಮಗಳು ಗಂಡನ ಮನೆಗೆ ಬರುತ್ತಾಳೆ.

ಎರಡನೆಯ ಸಲ ಈ ದಾರಿ ಮುಚ್ಚುತ್ತದೆ. ಅಷ್ಟು ಹೊತ್ತಿಗೆ ಹಿರಿಯ ಮಗು ಒಂದನೆಯದೋ ಎರಡನೆಯದೋ ಇಯತ್ತೆಯಲ್ಲಿರುತ್ತದೆ. ತಾಯಿಯ ಸಂಗಡ ತವರಿಗೆ ಹೋದರೆ ಅದರ ಶಾಲೆ ಕೆಡುತ್ತದೆ, ತಂದೆಯ ಸಂಗಡ ಇಲ್ಲಿ ಬಿಟ್ಟರೆ ಅದರ ಮನಸ್ಸು ಕೆಡುತ್ತದೆ. ರಜೆ ನೋಡಿಕೊಂಡು ಹೋಗೋಣವೆಂದರೆ ಎರಡು ರಾಜ್ಯಗಳ ರಜೆಗಳೂ ಕೂಡಿ ಬರುವುದಿಲ್ಲ. ಅಲ್ಲಿ ದಸರೆಗೆ ದೊಡ್ಡ ರಜೆ, ಇಲ್ಲಿ ದೀಪಾವಳಿಗೆ. ಅಲ್ಲಿ ಜೂನ್ ಮೊದಲಿನ ಸುಮಾರಿಗೆ ಶಾಲೆ ತೆರೆದರೆ ಇಲ್ಲಿ ತಿಂಗಳ ನಡುವಿಗೆ. ನಮ್ಮ ಮಕ್ಕಳು ಬಿಡುವಾಗಿರುವಾಗ ಅಲ್ಲಿಯ ಅಜ್ಜಿ ಮಗನ ಮಕ್ಕಳ ಶಾಲೆಗೆ ಕಟ್ಟುಬಿದ್ದಿರುತ್ತಾಳೆ.

ಅಜ್ಜಿಯೇ ಇಲ್ಲಿಗೆ ಬಂದರೆ? ಬರುತ್ತಾಳೆ, ಪುಣ್ಯಾತಗಿತ್ತಿ. ಕರ್ನಾಟಕ ಎಕ್ಸಪ್ರೆಸ್ಸಿನಿಂದ ಮನಮಾಡಿನಲ್ಲಿ ಇಳಿದು, ಕೌದಿ, ಕುಲಾಯಿ, ಉಂಡೆಯ ಡಬ್ಬಿಗಳ ಗಂಟು ಹೊತ್ತು ಬರುತ್ತಾಳೆ. ಕೂಸಿಗೂ ಬಾಣಂತಿಗೂ ಅವಳಿಂದ ಏನೂ ಕೊರತೆಯಿಲ್ಲ. ಆದರೆ ಹೊಸ ಊರಿನಲ್ಲಿ ಎರಡು ರಸ್ತೆ ದಾಟಿ ಶಾಲೆಯ ಬಾಗಿಲಿಗೆ ಹೋಗಿ, ಗುರುತಿನ ಚೀಟಿ ಕೇಳುವ ಕಾವಲುಗಾರನಿಗೆ ತಾನು ಯಾರೆಂದು ಮರಾಠಿಯಲ್ಲಿ ಹೇಳಿ ಮೊಮ್ಮಗನನ್ನು ಬಿಡಿಸಿಕೊಂಡು ಬರುವುದು ಅವಳ ಮೇಲೆ ಹೊರಿಸುವ ಕೆಲಸವಲ್ಲ.

ನಾವು ಈ ಎರಡೂ ಊರುಗಳಲ್ಲಿ ಸಂಸಾರ ಮಾಡಿದವರು. ಮೊದಲು ಛತ್ರಪತಿ ಸಂಭಾಜಿನಗರ, ಆಗಿನ್ನೂ ಔರಂಗಾಬಾದು, ಹೆಸರು ಬದಲಾದದ್ದು 2023ರಲ್ಲಿ. ಆಮೇಲೆ ನಾಸಿಕ. 1956ರ ನವೆಂಬರ್ 1ಕ್ಕೆ ಮುಂಚೆ ಕಲಬುರ್ಗಿಯೂ ಔರಂಗಾಬಾದೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು, ಆ ದಿನ ಒಂದು ಮೈಸೂರಿಗೆ ಬಂತು, ಇನ್ನೊಂದು ಮುಂಬಯಿಗೆ ಹೋಯಿತು. ನಾವು ಹಬ್ಬ ಮಾಡುವ ದಿನವೇ ಅದು. ಕಾರಖಾನೆಗಳು ಮಾತ್ರ ಗಡಿ ನೋಡಲಿಲ್ಲ. ವಾಳುಜ, ಚಿಕಲಠಾಣಾ, ಶೇಂದ್ರಾ ಅಲ್ಲಿ, ಸಾತಪುರ, ಅಂಬಡ ಇಲ್ಲಿ. 1964ರಲ್ಲಿ ಓಝರಿನಲ್ಲಿ ಮಿಗ್ ವಿಮಾನಗಳಿಗಾಗಿ ಹಿಂದುಸ್ತಾನ್ ಏರೋನಾಟಿಕ್ಸಿನ ಕಾರಖಾನೆ ನಿಂತ ಮೇಲೆ ಬೆಂಗಳೂರಿನ ಕಡೆಯ ಸಂಸಾರಗಳಿಗೂ ಈ ಕಡೆ ದಾರಿಯಾಯಿತು.

ಕಾರಖಾನೆಯ ಮಾತು ಸುಮ್ಮನೆ ಎತ್ತಲಿಲ್ಲ. ಮೊದಲ ಪಾಳಿಯ ಗಂಡಸು ಶಾಲೆಯ ಬಸ್ಸಿಗಿಂತ ಮುಂಚೆ ಮನೆ ಬಿಡುತ್ತಾನೆ. ಮನೆಯಲ್ಲಿ ಉಳಿದವಳು ಹೊಲಿಗೆ ಇನ್ನೂ ಮಾಯದ ಬಾಣಂತಿ. ಹಸುಗೂಸು ಹಗಲೂ ಇರುಳೂ ಕೂಡಿ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ಆ ತಾಯಿಗೆ ಇರುಳಿನಲ್ಲಿ ಎರಡು ತಾಸಿನ ಮೇಲೆ ಒಟ್ಟಿಗೆ ನಿದ್ದೆಯಿಲ್ಲ. ಆ ಕಣ್ಣಿನಲ್ಲೇ ಎದ್ದು ಡಬ್ಬಿ ಕಟ್ಟಿ, ಜಡೆ ಹಾಕಿ, ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಮೂರು ಮಾಳಿಗೆ ಇಳಿದು ರಸ್ತೆಯಲ್ಲಿ ನಿಲ್ಲಬೇಕು. ನಾಸಿಕದ ಡಿಸೆಂಬರಿನ ಚಳಿ ನಿಮಗೆಲ್ಲ ಗೊತ್ತು, ಸಂಭಾಜಿನಗರದ ಏಪ್ರಿಲ್ ಮಧ್ಯಾಹ್ನವೂ ಗೊತ್ತು. ಮೇಲಾಗಿ ಶಾಲೆಯ ಬಾಗಿಲೆಂದರೆ ಕೆಮ್ಮು ನೆಗಡಿಗಳ ಸಂತೆ. ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಗಳು ಆಗುವ ಮುನ್ನ ಕೂಸನ್ನು ದಿನಕ್ಕೆರಡು ಸಲ ಆ ಗದ್ದಲಕ್ಕೆ ಒಯ್ಯುವುದು ನಮಗೆ ಒಪ್ಪದು.

ಇನ್ನೊಂದು ನೋಟ ಇದಕ್ಕಿಂತ ಕೆಟ್ಟದ್ದು. ಗಂಡ ಸ್ಕೂಟರ್ ನಡೆಸುತ್ತಾನೆ, ಮುಂದೆ ಹಿರಿಯ ಮಗು ನಿಂತಿದೆ, ಹಿಂದೆ ಬಾಣಂತಿ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಪಾಟಿಚೀಲ ಹಿಡಿದು ಕುಳಿತಿದ್ದಾಳೆ. 2023ರ ಫೆಬ್ರುವರಿಯಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರದ ಮೇಲೆ ಒಯ್ಯುವಾಗ ಪಟ್ಟಿಯಿಂದ ನಡೆಸುವವನಿಗೆ ಬಿಗಿಯಬೇಕು, ಒಂಬತ್ತು ತಿಂಗಳು ದಾಟಿದ್ದಕ್ಕೆ ಹೆಲ್ಮೆಟ್ ಹಾಕಬೇಕು, ವೇಗ ತಾಸಿಗೆ 40 ಕಿಲೋಮೀಟರು ಮೀರಕೂಡದು. ಒಂಬತ್ತು ತಿಂಗಳೊಳಗಿನ ಕತ್ತು ಹೆಲ್ಮೆಟ್ಟಿನ ಭಾರವನ್ನೇ ಹೊರಲಾರದು. ಅದು ಸ್ಕೂಟರ್ ಏರುವ ವಯಸ್ಸೇ ಅಲ್ಲ.

ಸರಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 2017ರ ತಿದ್ದುಪಡಿಯಿಂದ ನೌಕರಿಯ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ಬಂತು. ತಂದೆಯ ಮಾತು ಬೇರೆ. ಕೇಂದ್ರ ಸರಕಾರದ ನೌಕರನಾದರೆ 15 ದಿನ, ಖಾಸಗಿ ಕಾರಖಾನೆಯವನಾದರೆ ಧಣಿ ಕೊಟ್ಟಷ್ಟು. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರಕಾರ ಇನ್ನೊಂದು ಆಜ್ಞೆ ಹೊರಡಿಸಿತು: ಪೂರ್ವಪ್ರಾಥಮಿಕದಿಂದ 4ನೆಯ ಇಯತ್ತೆಯವರೆಗಿನ ತರಗತಿಗಳು ಬೆಳಗಿನ 9ಕ್ಕಿಂತ ಮುಂಚೆ ಆರಂಭವಾಗಕೂಡದು. ಮಕ್ಕಳಿಗೆ ನಿದ್ದೆ ಸಾಲದೆಂದು ಆಗಿನ ರಾಜ್ಯಪಾಲ ರಮೇಶ ಬೈಸ್ ಅವರು ಎತ್ತಿದ ಮಾತಿನಿಂದ ಹುಟ್ಟಿದ ಆಜ್ಞೆ ಅದು. ಬಸ್ಸಿನವರು ಆಕ್ಷೇಪಿಸಿದರು. ಬಾಣಂತಿಗೆ ಈ ಒಂಬತ್ತು ಗಂಟೆ ದೊಡ್ಡ ಉಪಕಾರ, ಕೂಸಿಗೆ ಎರೆದು ಹಾಲು ಕೊಡುವಷ್ಟು ಹೊತ್ತು ಸಿಗುತ್ತದೆ. ಆದರೆ ಬೆಳಗಿನ ಪಾಳಿಗೆ ಹೋಗುವಾಗ ಮಗುವನ್ನು ಶಾಲೆಗೆ ಬಿಟ್ಟು ಹೋಗುತ್ತಿದ್ದ ತಂದೆಯ ದಾರಿ ಅದರಿಂದಲೇ ತಪ್ಪಿತು.

ಹಿರಿಯ ಮಗುವಿನ ಮನಸ್ಸಿನ ಮಾತು ಹೇಳದೆ ಮುಂದೆ ಹೋಗಲಾರೆವು. ನಿನ್ನೆಯವರೆಗೆ ಮನೆಯ ಅರಸನಾಗಿದ್ದವನನ್ನು ಇವತ್ತು ಹೊರಗೆ ಕಳಿಸಿ, ತಾಯಿ ಹೊಸಬರೊಬ್ಬರನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ. ಅವನಿಗೆ ಕಾಣುವುದು ಅಷ್ಟೇ. ನಮ್ಮ ಹಿರಿಯ ಮಗ ಒಂದು ಬೆಳಿಗ್ಗೆ ತನ್ನ ಬೂಟುಗಳನ್ನು ತೊಟ್ಟಿಲಲ್ಲಿ ತಂಗಿಯ ಕಾಲ ಬಳಿ ಇಟ್ಟು, “ಇವತ್ತ ಇಕಿ ಹೋಗ್ಲಿ” ಎಂದ. ನಾವು ನಕ್ಕೆವು, ಅವನು ನಗಲಿಲ್ಲ. ಆ ದಿನಗಳಲ್ಲಿ ಅವನನ್ನು ಶಾಲೆಗೆ ಒಯ್ದವರು ಎದುರು ಮನೆಯ ಮರಾಠಿ ಆಜಿ. ಐದು ವಾರ, ಒಂದು ದಿನವೂ ತಪ್ಪಿಸಲಿಲ್ಲ. ಬರುವಾಗ ನಮಗೆ ಡಿಂಕಾಚೆ ಲಾಡೂ ತರುತ್ತಿದ್ದರು. ನಮ್ಮ ಅಂಟಿನ ಉಂಡೆಯೇ ಅದು, ಖರ್ಜೂರ ತುಸು ಹೆಚ್ಚು. ಅವರ ಋಣ ತೀರುವಂಥದ್ದಲ್ಲ, ನೆರೆಯವರಿಗೆ ಹೇಳಲು ಸಂಕೋಚಪಡುವವರು ಆ ಸಂಕೋಚ ಬಿಡಬೇಕು.

ಆದರೂ ನಮ್ಮ ಸಂಘದ ಪಾಲೂ ಇದೆ. ಶಾಲೆಯಿಂದ ಮನೆಗೆ ಬರುವ ಹತ್ತು ನಿಮಿಷಗಳಲ್ಲೇ ಮಕ್ಕಳು ದಿನದ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತವೆ. ಯಾರು ಬಿದ್ದರು, ಯಾರ ಡಬ್ಬಿಯಲ್ಲಿ ಏನಿತ್ತು, ಬಾಯಿಯವರು ಯಾರನ್ನು ಬೈದರು. ಮನೆಗೆ ಬಂದ ಮೇಲೆ ಕೇಳಿದರೆ “ಏನಿಲ್ಲ”. ಅಕ್ಕಲಕೋಟೆ, ಜತ್ತದ ಮಕ್ಕಳಿಗೆ ಕನ್ನಡ ಶಾಲೆಗಳಿವೆ, ನಮ್ಮವರ ಕನ್ನಡ ಇರುವುದು ಅಡಿಗೆಮನೆಯಲ್ಲಿ, ತಾಯಿಯ ಬಾಯಲ್ಲಿ. ಕೂಸು ಬಂದ ತಿಂಗಳುಗಳಲ್ಲಿ ಆ ತಾಯಿಗೆ ಹಿರಿಯವನೊಡನೆ ಕುಳಿತು ಮಾತಾಡಲು ಹೊತ್ತಿರುವುದಿಲ್ಲ. ಆಗ ಕನ್ನಡದ ಒಬ್ಬ ಮಾಮಾ, ಒಬ್ಬ ಅತ್ತೆ ಅವನ ಕೈ ಹಿಡಿದು ಕರೆತಂದರೆ ಆ ಸುದ್ದಿಯೆಲ್ಲ ಕನ್ನಡದಲ್ಲೇ ಹೊರಬೀಳುತ್ತದೆ.

ಇದು ಆಗದ ಮಾತೇನಲ್ಲ. ಜಪಾನಿನ ಎಷ್ಟೋ ಊರುಗಳಲ್ಲಿ ಓಣಿಯ ಮಕ್ಕಳೆಲ್ಲ ಒಂದೆಡೆ ಕೂಡಿ, ದೊಡ್ಡ ಇಯತ್ತೆಯವರ ಹಿಂದೆ ಸಾಲಾಗಿ ನಡೆದು ಶಾಲೆಗೆ ಹೋಗುತ್ತವೆ. ನೆದರ್ಲ್ಯಾಂಡಿನಲ್ಲಿ ಹೆರಿಗೆಯಾದ ಮನೆಗೆ ಸುಮಾರು ಒಂದು ವಾರ ದಾದಿಯೊಬ್ಬಳು ಬಂದು ಬಾಣಂತಿ, ಕೂಸುಗಳ ಜೊತೆಗೆ ಮನೆಯ ಹಿರಿಯ ಮಕ್ಕಳನ್ನೂ ನೋಡಿಕೊಳ್ಳುತ್ತಾಳೆ, ಬಹುಪಾಲು ವೆಚ್ಚ ವಿಮೆಯದು. ನಮಗೆ ಅಂಥ ವಿಮೆ ಇಲ್ಲ. ಬೆಳಗಿನ ವಾಯುಸೇವನೆಗೆ ಹೇಗೂ ಹೊರಡುವ ನಿವೃತ್ತ ಹಿರಿಯರು ಮಾತ್ರ ಬೇಕಾದಷ್ಟು ಇದ್ದಾರೆ.

ಆದ್ದರಿಂದ ನಮ್ಮ ಬಿನ್ನಹ. ಹೆರಿಗೆಯಾದ ಮೊದಲ ನಲವತ್ತು ದಿನ ಶಾಲೆಯ ದಾರಿ ಬಾಣಂತಿಯದಾಗಿರಕೂಡದು. ಅಂಥ ಪ್ರತಿಯೊಂದು ಮನೆಗೆ ಹತ್ತಿರದ ಇಬ್ಬರು ನಿಲ್ಲಬೇಕು. ಒಬ್ಬರೇ ಆದರೆ ಅವರಿಗೆ ಜ್ವರ ಬಂದ ದಿನ ಕೆಲಸ ಕೆಡುತ್ತದೆ. ಅವರ ಹೆಸರು, ಫೋಟೋ, ಫೋನಿನ ಸಂಖ್ಯೆಗಳನ್ನು ಎಂಟನೆಯ ತಿಂಗಳಲ್ಲೇ ಬರಹದಲ್ಲಿ ಶಾಲೆಗೆ ಕೊಡಬೇಕು, ಬಸ್ಸಿನ ಸಹಾಯಕಿಗೆ ಮುಖ ತೋರಿಸಬೇಕು. 2011ರ ಶಾಲಾ ಬಸ್ಸು ನಿಯಮಗಳಂತೆ ಶಾಲೆಗೊಂದು ಸಾರಿಗೆ ಸಮಿತಿಯೂ ಅದರಲ್ಲಿ ಪಾಲಕರ ಪ್ರತಿನಿಧಿಯೂ ಇರಬೇಕು, ತೊಡಕು ಬಂದರೆ ಅಲ್ಲಿ ಕೇಳಿರಿ. ಇವತ್ತು ಯಾರು ಬರುತ್ತಾರೆಂದು ಬೆಳಿಗ್ಗೆಯೇ ಮಗುವಿಗೆ ಹೇಳಿರಬೇಕು. ಹೇಳದವರು ಬಂದು ಎಷ್ಟು ಸಿಹಿಯಾದ ಕನ್ನಡದಲ್ಲಿ ಕರೆದರೂ ಅದು ಹೋಗಕೂಡದು. ಇನ್ನು ತಂದೆಯರು ಜಡೆ ಹಾಕುವುದನ್ನೂ ಚಪಾತಿ ಸುತ್ತಿ ಡಬ್ಬಿಗಿಡುವುದನ್ನೂ ಆ ಒಂಬತ್ತು ತಿಂಗಳಲ್ಲಿ ಕಲಿಯಬಹುದು. ವಿಮಾನ ಜೋಡಿಸುವ ಕೈಗಳಿಗೆ ಮೂರು ಎಳೆಯ ಜಡೆ ಕಷ್ಟವೇ?

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ವಹಿಗಳಿವೆ. ಬರುವ ಜೂನಿನೊಳಗೆ ಹೆರಿಗೆ ಇರುವ ಮನೆಯವರು ಒಂದರಲ್ಲಿ, ನಡೆದು ಕರೆತರಲು ಒಪ್ಪುವವರು ಇನ್ನೊಂದರಲ್ಲಿ, ಓಣಿಯ ಹೆಸರಿನೊಡನೆ ಬರೆಯಿರಿ. ಸಿಡ್ಕೋ, ಅಂಬಡದ ಕಡೆಯಿಂದ ಹೆಸರುಗಳು ಬಂದಿವೆ. ನಾಸಿಕ ರೋಡಿನವರದು ಇನ್ನೂ ಒಂದೂ ಇಲ್ಲ. ಊಟಕ್ಕೆ ಕೂಡುವ ಮುನ್ನ ಆ ಕಡೆಯವರು ದಯವಿಟ್ಟು ಮೇಜಿನ ಬಳಿ ಬನ್ನಿರಿ.